ಮುರಗೆಪ್ಪನ ಕರಡಿಗೆ

"ಅದಕ್ಕ ಕೈ ಹಚ್ಚಬ್ಯಾಡ," ಎಂದು ಹಾಲವ್ವ ಮಗಳ ಕೈಯನ್ನು ತಳ್ಳಿಯೇಬಿಟ್ಟಳು.

ಗೋಡೆಗೆ ಒರಗಿಸಿ ಕೂಡಿಸಿದ್ದ ಅಪ್ಪ ಮುರಗೆಪ್ಪನ ಹೆಣದ ಕೊರಳಿನಿಂದ ಲಿಂಗದ ಬೆಳ್ಳಿಯ ಕರಡಿಗೆ ಬಿಚ್ಚಲು ಹೋಗಿದ್ದ ಸುವರ್ಣಾ ಬೆಪ್ಪಾದಳು. "ಯವ್ವಾ, ಜಳಕ ಆದಮ್ಯಾಲೆ ಲಿಂಗಪೂಜಿ ಆಗಬೇಕಂತ ಅಯ್ಯಾರು ಹೇಳ್ಯಾರ."

"ಕುಣಿಯೊಳಗ ಆಗ್ತೈತಿ. ನೀ ಇಭೂತಿ ಹಚ್ಚು."

ಹಾಲವ್ವನಿಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ. ಆ ಕರಡಿಗೆಯೊಳಗೆ ಲಿಂಗವಿಲ್ಲ, ಒಂದು ಕಲ್ಲಿದೆ ಎಂಬುದು ಇಡೀ ರಬಕವಿಯಲ್ಲಿ ಇಬ್ಬರಿಗೆ ಗೊತ್ತಿತ್ತು. ಈಗ ಒಬ್ಬಳಿಗೇ ಗೊತ್ತು. ಮಣ್ಣು ಕೊಡುವಾಗ ಅದನ್ನು ತೆಗೆದು ಸತ್ತವನ ಎಡಗೈಯಲ್ಲಿ ಇಡಲೇಬೇಕು. ಗಂಡುಮಕ್ಕಳಿಲ್ಲದ ಮನೆ, ಇಡಬೇಕಾದವನು ಮೈದುನ ಗುರಪ್ಪ. ಊರಲ್ಲಿ ಬೇರೆ ಯಾರು ನೋಡಿದರೂ ಅವಳು ತಡೆದುಕೊಂಡಾಳು, ಗುರಪ್ಪ ನೋಡಬಾರದು.

ಗುರಪ್ಪ ಹಿಂದೊಮ್ಮೆ ಕೃಷ್ಣೆಯಲ್ಲಿ ಈಜುವಾಗ ಲಿಂಗ ಕಳೆದುಕೊಂಡಿದ್ದ. ಹೊಸದು ಕಟ್ಟಿಸಿಕೊಂಡು ಬಂದರೂ ಮುರಗೆಪ್ಪ ಬಿಡಲಿಲ್ಲ. ಸುವರ್ಣಾಳ ಮದುವೆಯಲ್ಲಿ, ಎಲೆಗೆ ಹೋಳಿಗೆ ಬಿದ್ದ ಮೇಲೆ, "ಲಿಂಗ ಜ್ವಾಕಿ ಮಾಡಲಾರದಂವ ನನ್ನ ಪಂಕ್ತ್ಯಾಗ ಕುಂದ್ರಬ್ಯಾಡ, ಏಳಲೇ," ಎಂದು ತಮ್ಮನನ್ನು ಎಬ್ಬಿಸಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಮಗ್ಗದಲ್ಲಿ ಒಂದೆಳೆ ತಪ್ಪಿದರೆ ಮೊಳ ಬಿಚ್ಚಿ ಮತ್ತೆ ನೇಯುವ ಮನುಷ್ಯ ಮುರಗೆಪ್ಪ.

*

ಸುವರ್ಣಾಳ ಮದುವೆಯ ಮರುವರ್ಷ, ಚಳಿಗಾಲದಲ್ಲಿ, ಸೀರೆ ಕೊಳ್ಳುತ್ತಿದ್ದ ಮರಾಠಿ ವ್ಯಾಪಾರಿಯೊಬ್ಬ ಮಗನ ಮದುವೆಗೆ ಕರೆದ. ಸಹ್ಯಾದ್ರಿಯ ಗುಡ್ಡಗಳ ನಡುವೆ ಸಣ್ಣದೊಂದು ಕೆರೆ, ದಂಡೆಗೆ ಮೂವತ್ತು ಮನೆ. ಗಂಡಹೆಂಡತಿ ಜೊತೆಯಾಗಿ ದೂರದೂರಿಗೆ ಹೋದದ್ದು ಅದೊಂದೇ ಸಲ. ಬೆಳಿಗ್ಗೆ ಮದುವೆಮನೆಯವರೇ ಕಂಬಳಿ ಬಿಟ್ಟು ಎದ್ದಿರಲಿಲ್ಲ. ಮುರಗೆಪ್ಪ ಕೆರೆಗೆ ಇಳಿದ.

"ನೀರು ಕಾಸಿ ಕೊಡ್ತಾರ, ತಡೀರಿ," ಎಂದಳು ಹಾಲವ್ವ.

"ಪೂಜಿಗೆ ಹೊತ್ತು ಅಂತ ಒಂದು ಐತಿ."

ಮುಳುಗೆದ್ದು, ತೊಡೆಮಟ್ಟದ ನೀರಲ್ಲಿ ನಿಂತು ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಚಳಿಗೆ ಜೋಮುಗಟ್ಟಿದ ಬೆರಳಿಗೆ ಅದು ಜಾರಿದ್ದೇ ತಿಳಿಯಲಿಲ್ಲ. ಬಿಸಿಲೇರುವವರೆಗೆ ಇಬ್ಬರೂ ಕೆಸರು ಬಾಚಿದರು. ಕೊನೆಗೆ ಅವನು ದಂಡೆಯ ಮೇಲಿದ್ದ, ದೂರದಿಂದ ಲಿಂಗದಂತೆಯೇ ಕಾಣುವ ಕರಿಯ ಕಲ್ಲೊಂದನ್ನು ಕರಡಿಗೆಗೆ ಹಾಕಿ ಮುಚ್ಚಿದ.

"ಊರಿಗೆ ಹೋಗಿ ಅಯ್ಯಾರ ಕಡೆ ಹೊಸಾದು ತಗೋರಿ."

"ಯಾವ ಮಾರಿ ತಗೊಂಡು ಕೇಳಲಿ? ಗುರಪ್ಪಗ ಗೊತ್ತಾದ್ರ?"

ಆರು ವರ್ಷ ಬಾಗಿಲು ಹಾಕಿಕೊಂಡು ಆ ಕಲ್ಲಿಗೆ ಪೂಜೆ ಮಾಡಿದ. ತಮ್ಮನಿಗೆ ತಪ್ಪಾಯಿತೆಂದು ಹೇಳಿಕಳಿಸಲಿಲ್ಲ. ಹಾಲವ್ವನಿಗೆ ಅವನ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು.

*

ಗುರಪ್ಪ ಕುಣಿಗೆ ಇಳಿದು, ಅದರ ಪಕ್ಕದಲ್ಲಿ ಕೊರೆದಿದ್ದ ಗೂಡಿನೊಳಗೆ ಅಣ್ಣನನ್ನು ಕೂಡಿಸಿದ. ಮೇಲೆ ನಿಂತಿದ್ದ ಅಯ್ಯನವರು, "ಕರಡಿಗಿ ಬಿಚ್ಚಪಾ. ಲಿಂಗ ಎಡಗೈಯಾಗ ಇಡು," ಎಂದರು.

"ಕರಡಿಗಿ ಸಮೇತ ಇಡಲಿ ಬಿಡ್ರಿ, ಅಯ್ಯಾರ," ಎಂದಳು ಹಾಲವ್ವ.

"ಹಂಗ ಬರೂದಿಲ್ಲ, ತಂಗಿ."

ಸುತ್ತಲಿನವರು ಅವಳತ್ತ ನೋಡಿದರು. ಹಾಲವ್ವ ಸೆರಗಿನ ತುದಿ ಕಚ್ಚಿಕೊಂಡಳು.

ಗುರಪ್ಪ ಕರಡಿಗೆ ತೆರೆದ. ಒಳಗಿದ್ದದ್ದನ್ನು ಹೆಬ್ಬೆರಳಿಂದ ಒಮ್ಮೆ ಸವರಿದ. ತಲೆಯೆತ್ತಿ ಅತ್ತಿಗೆಯ ಮುಖವನ್ನೇ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ.

"ಏನಾತಪಾ? ಲಿಂಗ ಐತಿಲ್ಲೋ?" ಎಂದರು ಅಯ್ಯನವರು.

ಗುರಪ್ಪ ಮೇಲಕ್ಕೆ ಕೈ ಚಾಚಿದ. "ಐತ್ರಿ. ಇಭೂತಿ ಕೊಡ್ರಿ."

ಕಲ್ಲನ್ನು ಅಣ್ಣನ ಅಂಗೈಯಲ್ಲಿಟ್ಟ. ಅಣ್ಣನ ಬೆರಳು ಮಡಿಚಲು ನೋಡಿದ, ಸೆಟೆದ ಬೆರಳು ಬಗ್ಗಲಿಲ್ಲ. ಜನ ಬಗ್ಗಿ ನೋಡತೊಡಗಿದರು. ಆಗ ತನ್ನ ಕೈಯನ್ನೇ ಅದರ ಮೇಲೆ ಮುಚ್ಚಿದ.

"ಇನ್ನ ಮ್ಯಾಲೆ ಬಾ," ಎಂದರು ಯಾರೋ. ಗುರಪ್ಪ ಅಲುಗಲಿಲ್ಲ. ವಿಭೂತಿ ಬಿತ್ತು, ಪತ್ರಿ ಬಿತ್ತು, ಮತ್ತೆ ವಿಭೂತಿ ಬಿತ್ತು. ಯಾರದು ಯಾವ ಕೈಯೆಂದು ಗುರುತು ಸಿಗದಷ್ಟು ಎರಡೂ ಬೆಳ್ಳಗಾಗುವವರೆಗೆ ಅವನು ಅಣ್ಣನ ಕೈ ಬಿಡಲಿಲ್ಲ.