ಮುತ್ತಣ್ಣನ ಮೂಲೆ ಅಂಗಡಿಯಲ್ಲಿ ನಾನು ಉಂಡದ್ದು

ಫಿಲಿಪೀನ್ಸ್ ಎಲ್ಲಿದೆಯೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಸಾಬರಿಯೂ ನನಗಿರಲಿಲ್ಲ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಗಡಿನ ಸೂರಿನ ಕೆಳಗೆ ಖಾನಾವಳಿ ನಡೆಸುವವಳು ನಾನು, ಹೊಳೆವ್ವ. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ. ಹುಟ್ಟಿದ್ದು ಹೊಳೆಮಣ್ಣೂರಿನಲ್ಲಿ. ಹೊಳೆ ಮನೆಯೊಳಗೇ ಬಂದ ವರ್ಷ ಗಂಡನನ್ನೂ ರೊಟ್ಟಿ ಸುಡುವ ಎರಡು ಹಂಚುಗಳನ್ನೂ ಕರೆದುಕೊಂಡು ಇಲ್ಲಿಗೆ ಬಂದೆ. ಗಂಡ ತೀರಿಹೋದ, ಹಂಚು ಉಳಿದವು.

ಈ ಊರಲ್ಲಿ ನನ್ನ ನಾಲಿಗೆಗೊಂದು ಬೆಲೆಯಿದೆ. ಮದುವೆ ಮನೆಯವರು ಸಾರಿಗೆ ಉಪ್ಪು ಸರಿಯಾಗಿದೆಯೇ ನೋಡಲು ನನ್ನನ್ನು ಕರೆಯುತ್ತಾರೆ. ಆ ಬೆಲೆಯನ್ನು ಕೊಂಡುಕೊಳ್ಳಲೆಂದೇ ಮುತ್ತಣ್ಣ ನನ್ನ ಬಾಗಿಲಿಗೆ ಬಂದ.

ಬಸ್ ನಿಲ್ದಾಣದ ಎದುರಿನ ಕಟ್ಟಡ ಮುತ್ತಣ್ಣನದು. ಅದರ ಮೂಲೆ ಅಂಗಡಿಯ ಮೇಲೆ ನಾನು ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಮಳೆ ಬಂದರೆ ನನ್ನಲ್ಲಿ ಉಣ್ಣುವವರು ತಾಟನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಲ್ಲಬೇಕು. ಎಷ್ಟು ಬೇಡಿಕೊಂಡರೂ ಅವನು ಸೊಪ್ಪು ಹಾಕಲಿಲ್ಲ. ಹೋದ ವರ್ಷ ಅದನ್ನು ಸಾಜೀದನಿಗೆ ಮೂರು ವರ್ಷದ ಕರಾರಿನ ಮೇಲೆ ಕೊಟ್ಟುಬಿಟ್ಟ. ಸಾಜೀದ ದುಬೈಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವನು. ಅಲ್ಲೇ ಜೊತೆಗೆ ದುಡಿಯುತ್ತಿದ್ದ ಫಿಲಿಪೀನ್ಸಿನ ಮಾರಿಸೆಲ್‌ಳನ್ನು ಮದುವೆಯಾಗಿ ಊರಿಗೆ ಬಂದ. ಇಬ್ಬರೂ ಸೇರಿ ಅವಳ ದೇಶದ ಊಟದ ಹೋಟೆಲು ಇಟ್ಟರು. ‘ಸಸ್ಯಾಹಾರಿ ಊಟ, ಬೇರೆ ಪಾತ್ರೆಯಲ್ಲಿ’ ಎಂದೂ ಬೋರ್ಡಿನ ಮೇಲೆ ಬರೆಸಿದರು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ಮುತ್ತಣ್ಣ ಪುರಸಭೆ ಚುನಾವಣೆಗೆ ನಿಲ್ಲುವವನಿದ್ದ. ಅವನ ಕಟ್ಟಡದಲ್ಲಿ ಪರದೇಶದ ಹೆಂಗಸು ಏನೇನೋ ಬೇಯಿಸುತ್ತಾಳೆಂದು ಓಟು ಹಾಕುವ ಮಂದಿ ಮುಖ ಸಿಂಡರಿಸತೊಡಗಿದ್ದರು. ಕರಾರು ಮುರಿಯಲು ಅವನಿಗೊಂದು ನೆಪ ಬೇಕಿತ್ತು.

“ಅಕ್ಕಾ, ನೀ ಅಲ್ಲಿ ಹೋಗಿ ಕಾಯಿಪಲ್ಯದ ಊಟ ಮಾಡು,” ಅಂದ. “ನಾ ನಾಕ ಮಂದಿ ಹಿರಿಯಾರನ್ನ ಕರಕೊಂಡ ಬರ್ತೀನಿ. ಇದರಾಗ ಮೀನ ಐತಿ ಅಂತ ಒಂದ ಮಾತ ಅಂದಬಿಡು. ಪುರಸಭೆಗೆ ಅರ್ಜಿ ಬರದ ಇಟ್ಟೀನಿ, ಸಹಿ ಮಾಡಿದ್ರ ಆತು. ಮುಂದಿನ ತಿಂಗಳ ಮೂಲಿ ಅಂಗಡಿ ನಿಂದು.”

“ಮೀನ ಇರಲಿಲ್ಲಂದ್ರ?”

“ಇದ್ದ ಇರತೈತಿ. ಮೀನಿನ ನೀರ ಹಾಕದ ಅವರು ಏನೂ ಮಾಡಂಗಿಲ್ಲಂತ.”

ಹೂಂ ಅಂದೆ. ಇದ್ದರೂ ಇರಬಹುದು ಅಂತ ನನಗೂ ಅನ್ನಿಸಿತ್ತು. ಅವನು ಹೋದ ಮೇಲೆ ರೊಟ್ಟಿ ಬಡಿಯುತ್ತಲೇ ಆ ಅಂಗಡಿಯಲ್ಲಿ ಒಲೆ ಎಲ್ಲಿ, ಬೆಂಚು ಎಲ್ಲಿ ಎಂದೆಲ್ಲ ಮನಸ್ಸಿನಲ್ಲಿ ಜೋಡಿಸಿಯೂ ಬಿಟ್ಟೆ.

ಮಂಗಳವಾರ ಹನ್ನೊಂದಕ್ಕೆ ಹೋದೆ. ಸಾಜೀದ ಕುರ್ಚಿ ಎಳೆದು, “ಕುಂದರ್ರಿ ಅಕ್ಕಾರ,” ಅಂದ. ನಾನು ಕೂರಲಿಲ್ಲ. ಊಟ ನೋಡುವ ಮೊದಲು ಅಡುಗೆಮನೆ ನೋಡುವುದು ನನ್ನ ಪದ್ಧತಿ. ನೇರ ಒಳಗೆ ನಡೆದೆ. ಮುಚ್ಚಳ ಎತ್ತಿದೆ, ಪಾತ್ರೆಯ ತಳಕ್ಕೆ ಬೆರಳು ಆಡಿಸಿದೆ, ಒರೆಸುವ ಅರಿವೆ ಮೂಸಿದೆ. ಎರಡು ಕಡೆ ಎರಡು ಒಲೆ. ಒಂದು ಕಡೆಯ ಸೌಟುಗಳಿಗೆಲ್ಲ ಕೆಂಪು ದಾರ ಕಟ್ಟಿತ್ತು. ಇನ್ನೊಂದು ಕಡೆ ಕಂದು ಬಣ್ಣದ ಬಾಟಲಿ. ಏನಿದು ಅಂತ ಕೈ ಮಾಡಿದೆ. ಮಾರಿಸೆಲ್ ತಾನೇ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು.

“ಮೀನ, ಯವ್ವಾ. ಆ ಒಲಿ. ಈ ಒಲಿ ಇಲ್ಲ.” ‘ಈ ಒಲಿ’ ಅನ್ನುವಾಗ ಕೆಂಪು ದಾರದ ಸೌಟು ಮುಟ್ಟಿ ತೋರಿಸಿದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ.

ಬಂದು ಕೂತೆ. ಅನ್ನ, ಸಿನಿಗಾಂಗ್ ಅನ್ನುವ ಹುಣಸೆಹಣ್ಣಿನ ಸಾರು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕುಂಬಳಕಾಯಿ, ಒಳಗೆ ಎಲೆಕೋಸು ತುಂಬಿ ಕರಿದ ಲುಂಪಿಯಾ ಅನ್ನುವ ಸುರುಳಿ. ಚಮಚ ಬದಿಗಿಟ್ಟು ಕೈ ಹಾಕಿದೆ. ಸಾರಿನಲ್ಲಿ ಮೂಲಂಗಿ, ಬದನೆ, ಬೆಂಡೆ. ಹುಳಿ ಗಕ್ಕನೆ ದವಡೆಗೆ ಹಿಡಿಯಿತು. ಹಿಂದೆಯೇ ಖಾರ ಬರುತ್ತದೆಂದು ಕಾದೆ, ಬರಲೇ ಇಲ್ಲ. ಒಗ್ಗರಣೆಯೂ ಇಲ್ಲ. ಕುಂಬಳಕಾಯಿ ಬಾಣಂತಿಗೆ ಇಕ್ಕುವ ಊಟದ ಹಾಗಿತ್ತು. ಸುರುಳಿ ಮಾತ್ರ ಎರಡು ತಿಂದೆ. ನಮ್ಮ ಹೊಳೆದಂಡೆಯಲ್ಲಿ ನೆರೆಮನೆಯವರು ಮೀನು ಒಣಹಾಕುತ್ತಿದ್ದರು, ಆ ವಾಸನೆ ನನ್ನ ಮೂಗಿಗೆ ಹೊಸದಲ್ಲ. ಪ್ರತಿ ತುತ್ತಿನಲ್ಲೂ ಹುಡುಕಿದೆ. ಇರಲಿಲ್ಲ.

ಅಷ್ಟರಲ್ಲಿ ಮುತ್ತಣ್ಣ ಹಿರಿಯರೊಂದಿಗೆ ಒಳಗೆ ಬಂದ. ಮುಂದೆ ಹಾಲಸಿದ್ದಪ್ಪ, ಊರೆಲ್ಲ ಮರ್ಯಾದೆ ಕೊಡುವ ಮುದುಕ. ಬಾಗಿಲಲ್ಲಿ ಮಂದಿ ಸೇರಿದರು. ಮಾರಿಸೆಲ್ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಹೇಳಕ್ಕಾ, ಅಂಜಬ್ಯಾಡ,” ಅಂದ ಮುತ್ತಣ್ಣ.

ಆಸೆ ಇತ್ತು. ಆ ಅಗಲ ನೆಲ, ಗಟ್ಟಿ ಸೂರು, ಎದುರಿಗೇ ಬಸ್ಸಿನಿಂದ ಇಳಿಯುವ ಮಂದಿ, ಎಲ್ಲ ಒಂದು ಮಾತಿಗೆ ನನ್ನದಾಗುತ್ತಿತ್ತು. ಆದರೆ ಅವನು ಅರ್ಜಿ ಬಿಚ್ಚಿ ನನ್ನ ತಾಟಿನ ಪಕ್ಕದಲ್ಲೇ ಇಟ್ಟನಲ್ಲ, ಆಗ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಉಪ್ಪು ಕಡಿಮೆಯಾದರೆ ಕಡಿಮೆ, ಹೆಚ್ಚಾದರೆ ಹೆಚ್ಚು ಅಂತ ಹೇಳಿದ ನಾಲಿಗೆಯನ್ನು ಇವನು ಬಾಡಿಗೆಗೆ ಕೇಳುತ್ತಿದ್ದಾನೆ.

“ಸಾರಿನಾಗ ಖಾರ ಇಲ್ಲ,” ಅಂದೆ. “ಕುಂಬಳಕಾಯಿ ನನಗ ಸೇರಲಿಲ್ಲ. ಸುರಳಿ ಚಲೋ ಅದಾವ. ಮೀನ ಇಲ್ಲ.”

“ಸರಿಯಾಗಿ ನೋಡಕ್ಕಾ.”

“ನೋಡೇನಿ. ಮೀನಿನ ಬಾಟ್ಲಿ ಆಚಿ ಒಲಿ ಕಡೆ ಐತಿ, ಆಕಿನ ತಗದ ತೋರಿಸ್ಯಾಳ. ಈ ತಾಟಿನಾಗ ಇಲ್ಲ.”

“ಬಾಟ್ಲಿ ಐತಿ ಅಂದೆಲ್ಲ, ಅಷ್ಟ ಸಾಕು. ಸಹಿ ಮಾಡು.”

“ಮಾಡ್ತೀನಿ. ಮೂಲಿ ಅಂಗಡಿ ಕೊಡ್ತೀನಿ, ಸುಳ್ಳ ಹೇಳು ಅಂತ ಮುತ್ತಣ್ಣ ನನ್ನ ಮನಿತನಕ ಬಂದಿದ್ದ ಅಂತ ಅದರ ಕೆಳಗ ಬರಿ. ಎರಡಕ್ಕೂ ಕೂಡೆ ಒಂದ ಸಹಿ ಮಾಡ್ತೀನಿ.”

ಹಾಲಸಿದ್ದಪ್ಪ ಮುತ್ತಣ್ಣನ ಕಡೆ ತಿರುಗಿ, “ಹೌದೇನು?” ಅಂದ. ಮುತ್ತಣ್ಣ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಹಿರಿಯರು ಒಬ್ಬೊಬ್ಬರಾಗಿ ಹೊರಬಿದ್ದರು.

ಕೊನೆಗೆ ಉಳಿದ ಮುತ್ತಣ್ಣ ಬಗ್ಗಿ ಹೇಳಿದ. “ಮೀನಿನ ಮನ್ಯಾಗ ಉಂಡ ಕೈಲೆ ರೊಟ್ಟಿ ಬಡಿತಾಳ ಅಂತ ಊರತುಂಬ ಹೇಳಸ್ತೀನಿ. ನಿನ್ನ ಖಾನಾವಳಿಗೆ ಯಾರ ಬರ್ತಾರ ನೋಡೂಣು.”

“ಹೇಳಸು. ಏನೇನ ಉಂಡೆ ಅನ್ನೂದು ಬೇಕಾದ್ರ ನನ್ನ ಕಡೆ ಕಳಸು, ನಾ ಪೂರಾ ಹೇಳ್ತೀನಿ.”

ಅವನು ಹೋದ ಮೇಲೆ ಸೇರದ ಕುಂಬಳಕಾಯಿಯನ್ನೂ ಬಿಡದೆ ಉಂಡೆ, ಬಾಗಿಲಲ್ಲಿ ನಿಂತವರೆಲ್ಲ ನೋಡಲೆಂದೇ.

ಅವನು ಹೇಳಿದಂತೆಯೇ ಮಾಡಿದ. ಮರುದಿನ, ದಿನಾ ಉಣ್ಣುವ ನಲವತ್ತು ಮಂದಿಯಲ್ಲಿ ಹನ್ನೊಂದು ಮಂದಿ ಬಂದರು. ಅವರಲ್ಲೊಬ್ಬ ತಲೆ ತಗ್ಗಿಸಿಕೊಂಡೇ, “ಅಕ್ಕಾರ, ಖರೇನ ಅಲ್ಲಿ ಉಂಡ್ರೇನು?” ಅಂದ.

“ಉಂಡೇನಿ,” ಅಂದೆ, ಓಣಿಗೆಲ್ಲ ಕೇಳುವ ಹಾಗೆ. “ಶುಕ್ರವಾರ ಮತ್ತ ಹೋಗ್ತೀನಿ.”

ಅಳು ಬರಲಿಲ್ಲವೆಂದಲ್ಲ. ಬುಟ್ಟಿಯ ತುಂಬ ಉಳಿದ ರೊಟ್ಟಿ ನೋಡಿ ಬಂತು, ನುಂಗಿಕೊಂಡೆ. ನನ್ನ ಜೊತೆ ರೊಟ್ಟಿ ಬಡಿಯುವ ಅಡಿವೆವ್ವ ಬುಟ್ಟಿಯ ಮುಂದೆ ನಿಂತು ಕೇಳಿದಳು, “ನಾಳಿಗೆ ಎಷ್ಟ ಮಂದಿಗೆ ಹಿಟ್ಟ ತಗೀಲಿ, ಅಕ್ಕಾ?”

“ನಲವತ್ತ ಮಂದಿಗೆ.”

“ಮತ್ತ ಉಳದ್ರ?”

“ಒಣಗಸು,” ಅಂದೆ. “ಖಡಕ್ ರೊಟ್ಟಿ ತಿಂಗಳಗಟ್ಲೆ ಕೆಡಂಗಿಲ್ಲ.”