ಬರ್ತೀನಿ ಅಂದವರ ಕುರ್ಚಿಗಳು

೧
ಎಲ್ಲಿಂದ ಶುರು ಮಾಡಲಿ? "ಬೆಳಿಗ್ಗೆ ಸಭಾಂಗಣ ಖಾಲಿಯಿತ್ತು" ಅಂತ ಬರೆದೆ, ಹೊಡೆದುಹಾಕಿದೆ. ಖಾಲಿ ಇರದೆ ಇನ್ನೇನು ಇರುತ್ತೆ? "ಚಿಕ್ಕಂದಿನಿಂದಲೂ ಅವಳಿಗೆ ಈವೆಂಟ್ ಪ್ಲಾನರ್ ಆಗುವ ಕನಸಿತ್ತು" ಅಂತಲೂ ಬರೆದೆ. ಹಸೀ ಸುಳ್ಳು. ಡಿಗ್ರಿ ಮುಗಿಸಿದಳು, ಕಂಡಕಂಡ ಕಡೆ ಅರ್ಜಿ ಹಾಕಿದಳು, ಕರೆದವರ ಹತ್ತಿರ ಹೋದಳು. ಅಷ್ಟೇ.

(ಓದುಗರೇ, ನೀವೂ ಹಾಗೇ ತಾನೇ? ಕನಸು ಗಿನಸು ಎಲ್ಲ ಆಮೇಲೆ ಭಾಷಣಕ್ಕೆ ಸೇರಿಸಿದ್ದು.)

೨
ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ಒಂದು ಸಭೆ ಒಬ್ಬಳೇ ನಡೆಸಿಕೊಟ್ಟರೆ ಖಾಯಂ, ಇಲ್ಲದಿದ್ದರೆ ಮನೆ ದಾರಿ ಅಂತ ಈವೆಂಟ್ ಕಂಪನಿ ನಡೆಸುವ ಮೇಡಂ ಹೇಳಿದ್ದಾರೆ. ಆ ಮನೆಯಲ್ಲಿ ಸೋದರತ್ತೆ ಬಂದು ತಳವೂರಿದ್ದಾರೆ. ಕುರ್ಚಿ ಹಾಕಿಸೋಕೆ ಡಿಗ್ರಿ ಯಾಕೆ ಬೇಕಿತ್ತು ಅಂತ ದಿನಾ ಕೇಳ್ತಾರೆ. ಅಮ್ಮ ಮಾತ್ರ ಮಗಳು ಮ್ಯಾನೇಜರ್ ಅಂತ ನೆಂಟರಿಗೆಲ್ಲ ಡಂಗುರ ಸಾರಿಬಿಟ್ಟಿದ್ದಾರೆ.

ಸಭೆ ಒಂದು ದೊಡ್ಡ ಕಂಪನಿಯದು. ಬ್ಯಾನರ್ ಮೇಲೆ: "ನಂಬಿಕೆಯೇ ನಮ್ಮ ಬಂಡವಾಳ". (ಇದು ನನ್ನ ವ್ಯಂಗ್ಯವಲ್ಲ. ಇಂಥ ಬ್ಯಾನರ್ ಮುಂದೆ ನನ್ನ ವ್ಯಂಗ್ಯ ಯಾವ ಮೂಲೆಗೆ?)

೩
ಇಲ್ಲೊಂದು ಪ್ರೇಮ ಪ್ರಕರಣ ಇತ್ತು, ಮೈಕ್ ಸೆಟ್‌ನವನ ಜೊತೆ. "ನನಗೆ ಉಸಿರಾಡೋಕೆ ಪುರುಸೊತ್ತಿಲ್ಲ, ಇದ್ಯಾಕೆ ಸಾರ್ ಮಧ್ಯೆ" ಅಂತ ಅವಳೇ ಅಂದಳು. ತೆಗೆದೆ.

೪
ಈ ಕಸುಬಿಗೊಂದು ನಿಯಮವಿದೆ. ಬರ್ತೀನಿ ಅಂದವರಲ್ಲಿ ಅರ್ಧ ಜನಕ್ಕಷ್ಟೇ ಕುರ್ಚಿ ಹಾಕಬೇಕು. ಉಳಿದದ್ದು ಪರದೆ ಹಿಂದೆ ಪೇರಿಸಿಟ್ಟಿರಬೇಕು. ಜನ ಹೆಚ್ಚಾದರೆ ಓಡಿಬಂದು ಹಾಕಿದರಾಯಿತು, ಜಾಗವೇ ಸಾಲಲಿಲ್ಲ ಅಂತ ಹೆಸರೂ ಬರುತ್ತೆ. ಎಲ್ಲರಿಗೂ ಗೊತ್ತಿರೋದನ್ನ ಹೊಸಬರಿಗೆ ಯಾರೂ ಹೇಳಲ್ಲ, ಅವಳಿಗೂ ಹೇಳಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಖಂಡಿತ ಬರ್ತೀನಮ್ಮ ಅಂದರು. ಅಷ್ಟೂ ಜನಕ್ಕೆ ಕುರ್ಚಿ ಹಾಕಿಸಿದಳು, ಪೆದ್ದಿ.

ಅರ್ಧ ಸಭಾಂಗಣ ಭಣಭಣ. ಕುರ್ಚಿಗಳನ್ನ ಒಂದಕ್ಕೊಂದು ಕಟ್ಟಿ ಬಟ್ಟೆ ಹೊದಿಸಿದ್ದರಿಂದ ತೆಗೆಸೋಕೂ ಹೊತ್ತಿಲ್ಲ. ಆ ಕಂಪನಿಯ ಅಧ್ಯಕ್ಷರ ಕಾರು ಗೇಟಿಗೆ ಬಂದಾಗಿದೆ.

ಮೇಡಂ ಬೈಯಲಿಲ್ಲ. ಊಟ ಬಡಿಸೋರ ಏಪ್ರನ್ ಬಿಚ್ಚಿಸಿ, ಬಾರದವರ ಬ್ಯಾಡ್ಜ್ ಹಾಕಿ, ಹಿಂದಿನ ಸಾಲುಗಳಲ್ಲಿ ಕೂರಿಸು ಅಂದರು.

ಆಗಲ್ಲ ಅನ್ನು ಅಂತ ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ಕೇಳಿಸಿಕೊಳ್ಳದೆ ಅಡುಗೆ ಕೋಣೆಗೆ ಓಡಿದಳು.

೫
ಅಧ್ಯಕ್ಷರು ನಂಬಿಕೆ ಬಗ್ಗೆ ಮಾತಾಡಿದರು. ಬಡಿಸೋರು ಬೆಳಿಗ್ಗೆಯಿಂದ ನಿಂತೇ ಇದ್ದು ಆಗ ತಾನೇ ಕೂತಿದ್ದರು, ತೂಕಡಿಸಿದರು. ಹಾಗಾಗಿ ನಿಜವಾದ ಅತಿಥಿಗಳು ಯಾರು, ಇವರು ಯಾರು ಅಂತ ಗೊತ್ತೇ ಆಗಲಿಲ್ಲ. ಊಟ ಮಾತ್ರ ತಡವಾಯಿತು, ಬಡಿಸಬೇಕಾದವರು ಚಪ್ಪಾಳೆ ತಟ್ಟುತ್ತಿದ್ದರಲ್ಲ.

ಮುಕ್ತಾಯ (ಅ): ಬಡಿಸೋನೊಬ್ಬ ಬ್ಯಾಡ್ಜ್ ತೆಗೆಯೋದು ಮರೆಯುತ್ತಾನೆ, ಗುಟ್ಟು ರಟ್ಟಾಗುತ್ತೆ. ಹೀಗೇ ಬರೆದೆ. ಆದರೆ ಅಧ್ಯಕ್ಷರು ಬ್ಯಾಡ್ಜ್ ಓದಿ, ಬ್ಯಾಂಕಿನ ಹಿರಿಯ ಅಧಿಕಾರಿಗಳೇ ಸೌಟು ಹಿಡಿದಿದ್ದಾರೆ, ಎಂಥ ವಿನಯ ಅಂತ ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಇಂಥವರನ್ನ ಇಟ್ಟುಕೊಂಡು ಕತೆ ಬರೆಯೋದು ಹೇಗೆ ಸ್ವಾಮಿ?

ಮುಕ್ತಾಯ (ಆ): ಮೇಡಂ ಅವಳ ಭುಜ ತಟ್ಟುತ್ತಾರೆ. "ಈಗ ಕಲಿತೆ ನೋಡು. ನಾಳೆಯಿಂದ ಖಾಯಂ." ಅವಳು ಐಡಿ ಕಾರ್ಡ್ ಕಿತ್ತು ಮೇಜಿನ ಮೇಲೆಸೆದು, ತಲೆಯೆತ್ತಿ ಹೊರನಡೆಯುತ್ತಾಳೆ.

ಅವಳು ನಡೆಯಲಿಲ್ಲ. ಕಾರ್ಡನ್ನ ಭದ್ರವಾಗಿ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ನೀವು ಬೇಕಾದ್ರೆ ಬರೆಯೋದು ಬಿಡಿ ಸಾರ್. ನಾನು ಕೆಲಸ ಬಿಡಲ್ಲ."

"ಆತ್ಮಗೌರವ?"

"ಕತೆ ಮುಗಿದ ಮೇಲೆ ನೀವು ನಿಮ್ಮ ಮನೆಗೆ ಹೋಗ್ತೀರಿ. ನಾನು ಹೋಗಬೇಕಾಗಿರೋದು ನಮ್ಮ ಮನೆಗೆ. ಅಲ್ಲಿ ಅತ್ತೆ ಇದ್ದಾರೆ."

ನಿಜ ಹೇಳಬೇಕಂದ್ರೆ ಸಿಟ್ಟು ಬಂತು. ನಾನು ಹುಟ್ಟಿಸಿದ ಹುಡುಗಿ ನನಗೇ ಪಾಠ ಹೇಳೋದೇ?

೬
ಖಾಯಂ ಆದ ಮೊದಲ ವಾರ. ಸಂಜೆ ಅವಳು ಮುಂದಿನ ಸಭೆಗೆ ಕುರ್ಚಿ ಹಾಕಿಸುತ್ತಿದ್ದಾಳೆ, ಅರ್ಧದಷ್ಟೇ. ಕೈ ಚೆನ್ನಾಗಿ ಪಳಗಿದೆ. ಅಮ್ಮ ಫೋನ್ ಮಾಡಿ ಊಟಕ್ಕೆ ಬರ್ತೀಯಾ ಅಂತ ಕೇಳುತ್ತಾರೆ. ಅವಳು ಉಳಿದ ಕುರ್ಚಿ ಇಡೋಕೆ ಪರದೆ ಕಡೆ ಕೈ ತೋರಿಸುತ್ತಾ, ಕೆಲಸ ಕೂಡ ನಿಲ್ಲಿಸದೆ, "ಖಂಡಿತ ಬರ್ತೀನಮ್ಮ" ಅನ್ನುತ್ತಾಳೆ.

ಅಮ್ಮ ಎಷ್ಟು ತಟ್ಟೆ ಹಾಕಿದರು ಅಂತ ನನ್ನನ್ನ ಕೇಳಬೇಡಿ. ಅದನ್ನ ನಾನು ಬರೆಯಲ್ಲ.