ದುಪ್ಪಟಿ ಹಿಂಡುವ ಹಾಡು

ಅಕ್ಕನ ಕಾಲ ಬಳಿ ಸುಕ್ಕಾಗಿದ್ದ ಹೊದಿಕೆಯನ್ನು ತಂಗಿ ಮೂರನೆಯ ಸಲ ಎಳೆದು ಸರಿಮಾಡುತ್ತಿದ್ದಾಗ, ಬಾಗಿಲ ಬಳಿಯ ಕುರ್ಚಿಗಳಲ್ಲಿ ವಾದ ಎದ್ದಿತು.

"ಇವರ ಹಾಡಲ್ಲಿ ಬಾಯ್ಲರ್ ಅಂತ ಬರುತ್ತಲ್ಲ ಸರ್, ಅದು ಯಾವ ಕಾಲದ ಜನಪದ?" ಸಂಗೀತದ ಮೇಡಂ ದನಿ ತಗ್ಗಿಸಿ ಕೇಳಿದರು. ತಗ್ಗಿಸಿದ್ದು ಸತ್ತವಳ ಮರ್ಯಾದೆಗೆ. ಪಟ್ಟು ತಗ್ಗಿರಲಿಲ್ಲ.

"ಅದು ಆಮೇಲೆ ಸೇರ್ಕೊಂಡಿದ್ದಮ್ಮಾ," ಎಂದರು ಪ್ರೊಫೆಸರ್. "ಮೂಲದಲ್ಲಿ ಒಲೆ ಅಂತಲೇ ಇದ್ದಿರಬೇಕು. ಹಾಡು ಮಾತ್ರ ನೂರಾರು ವರ್ಷದ್ದು."

"ನಂಗೇನೋ ಯಾರೋ ಒಬ್ಬರು ಕೂತು ಕಟ್ಟಿದ ಹಾಗೆ ಕೇಳಿಸುತ್ತೆ."

"ಒಬ್ಬರು ಕಟ್ಟಿದ್ದಾದ್ರೆ ಅದು ಜನಪದ ಹೇಗಾಗುತ್ತೆ? ನನ್ನ ಪುಸ್ತಕದಿಂದಲೇ ತೆಗೀಬೇಕಾಗುತ್ತೆ!"

ಕೂತು ಕಟ್ಟಿದ್ದಲ್ಲ, ನಿಂತು ಕಟ್ಟಿದ್ದು, ಎಂದುಕೊಂಡಳು ತಂಗಿ. ಒಲೆಯಂತೆ ಒಲೆ! ಅಲ್ಲಿ ಎದುರಿಗಿದ್ದದ್ದು ಬಾಯ್ಲರ್.

ಗೋಡೆಯ ತುಂಬ ಅಕ್ಕನ ಫೋಟೋಗಳಿದ್ದವು. ಮೈಕಿನ ಮುಂದೆ ಅಕ್ಕ, ಬಹುಮಾನ ಹಿಡಿದ ಅಕ್ಕ. ಒಂದರಲ್ಲಿ ಮಾತ್ರ ಅಂಚಿಗೆ ತಂಗಿಯ ಮೊಣಕೈ ಸಿಕ್ಕಿಕೊಂಡಿತ್ತು.

ಅಕ್ಕನ ಮಗಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. "ಚಿಕ್ಕಮ್ಮ, ಒಂದು ಗುಟುಕು ನೀರಾದ್ರೂ ಕುಡೀರಿ. ಅರ್ಧ ಗಂಟೇಲಿ ಗಾಡಿ ಬರುತ್ತೆ. ಅದಕ್ಕೆ ಮುಂಚೆ ಸರ್ ಎರಡು ಮಾತಾಡ್ತಾರಂತೆ, ಅಮ್ಮನ ಹಾಡಿನ ಬಗ್ಗೆ."

ಅಮ್ಮನ ಹಾಡು. ಅರ್ಧ ಗಂಟೆ. ಅಕ್ಕ ಈ ಮನೆಯಲ್ಲಿ ಇರುವಾಗಲೇ, ಒಂದೇ ಒಂದು ಸಲ, ಅದು ನಿನ್ನದು ಎಂದು ಯಾರಾದರೂ ತನಗೆ ಹೇಳಬೇಕಿತ್ತು. ಆಮೇಲೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ.

*

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಿಂಡುವ ಯಂತ್ರ ಕೆಟ್ಟು ಕೂತಿದ್ದ ವರ್ಷ ಅದು. ಇಬ್ಬಿಬ್ಬರು ಎದುರುಬದುರು ನಿಂತು ದುಪ್ಪಟಿಗಳನ್ನು ಕೈಯಲ್ಲೇ ತಿರುಚುತ್ತಿದ್ದರು. ಅಕ್ಕನದು ಅವಸರದ ಕೈ. ತಂಗಿಯ ಮಣಿಕಟ್ಟು ಊದಿಕೊಂಡಿತು. ಅಕ್ಕನನ್ನು ನಿಧಾನ ಮಾಡಿಸಲೆಂದೇ ತಂಗಿ ಹಾಡು ಕಟ್ಟಿದಳು.

ಹಿಂಡೇ ಅಕ್ಕಯ್ಯ, ದುಪ್ಪಟಿ ಹಿಂಡೇ
ಮಲಗಿದ್ದೋರ್ ಯಾರೋ ನಾ ಕಾಣೆ
ಬಾಯ್ಲರ್ ಬಾಯಿಗೆ ಜ್ವರವ ಹಾಕಿ
ಬೆಳ್ಳಗೆ ಕಳಿಸುವೆ ನಾಳೇನೇ

ಕಟ್ಟಿದವಳ ಗಂಟಲು ತಗಡು ಗೀರಿದ ಹಾಗಿತ್ತು. ಅಕ್ಕ ಬಾಯಿ ತೆರೆದರೆ ಸಾಕು, ಇಡೀ ಕೋಣೆ ಕೈಕೆಲಸ ಬಿಟ್ಟು ಕೇಳುತ್ತಿತ್ತು.

ಆಗಿನ್ನೂ ಚಿಗುರುಮೀಸೆಯವನಾಗಿದ್ದ ಪ್ರೊಫೆಸರ್ ಟೇಪ್ ರೆಕಾರ್ಡರ್ ಹೊತ್ತು ಬಂದ. "ಹಳೇ ಹಾಡು ಮಾತ್ರ ಬೇಕು. ಹೊಸದಾದರೆ ನನಗೆ ಉಪಯೋಗವಿಲ್ಲ. ಇದು ಯಾರು ಕಟ್ಟಿದ್ದು?"

"ಯಾರು ಅಂತ ಹೇಳ್ಲಿ ಸ್ವಾಮಿ, ನಮ್ಮಜ್ಜಿ ಕಾಲದಿಂದ ಹಾಡ್ಕೊಂಡು ಬಂದಿದ್ದೀವಿ," ಎಂದಳು ಅಕ್ಕ, ತಂಗಿಯ ಕಡೆ ನೋಡದೆ.

ತಂಗಿಯ ಕೈಯಿಂದ ದುಪ್ಪಟಿ ಜಾರಿ ನೆಲಕ್ಕೆ ಬಿತ್ತು. ಅದನ್ನು ಮತ್ತೆ ಒಗೆಯಬೇಕಾಯಿತು.

ಸಂಜೆ ಕೇಳಿದಳು. "ಯಾಕೆ ಹಾಗಂದೆ?"

"ನಿಂದು ಅಂದಿದ್ರೆ ಆ ಮನುಷ್ಯ ಪೆಟ್ಟಿಗೆ ಮುಚ್ಕೊಂಡು ಹೋಗ್ತಿದ್ದ ಕಣೇ. ಹಾಡು ಉಳೀತಲ್ಲ, ಸಾಲದಾ?"

ಸಾಲಲಿಲ್ಲ. ಅಕ್ಕ ಹೇಳಿದ್ದು ನಿಜವೂ ಆಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ನಲವತ್ತು ವರ್ಷ ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ. ರೇಡಿಯೋದಲ್ಲಿ ಹಾಡು ಬಂದಾಗಲೆಲ್ಲ ತಂಗಿಗೆ ಹಿತ್ತಿಲಲ್ಲಿ ಏನಾದರೂ ಕೆಲಸವಿರುತ್ತಿತ್ತು.

*

ಪ್ರೊಫೆಸರ್ ಕನ್ನಡಕ ಏರಿಸಿ ಕಾಗದ ಬಿಡಿಸಿದರು. "ತಲೆತಲಾಂತರದಿಂದ ಹರಿದು ಬಂದ..."

"ಸರ್." ತಂಗಿ ಎದ್ದು ನಿಂತಿದ್ದಳು. "ಆ ಹಾಡು ನಾನು ಕಟ್ಟಿದ್ದು."

ಸಂಗೀತದ ಮೇಡಂ ಕಣ್ಣು ಫಳಕ್ಕನೆ ಹೊಳೆಯಿತು. ಪ್ರೊಫೆಸರ್ ಕಾಗದ ಕೆಳಗಿಳಿಸಿದರು. ಆಮೇಲೆ ಅವರ ಮುಖದಲ್ಲಿ ಕರುಣೆಯೇ ಉಕ್ಕಿತು.

"ಗೊತ್ತಮ್ಮಾ, ಗೊತ್ತು. ಎಷ್ಟು ಊರಲ್ಲಿ ಎಷ್ಟು ಜನ ಹೀಗೇ ಅಂದಿದ್ದಾರೆ ನನಗೆ. ಎಲ್ಲರಿಗೂ ತಮ್ಮದೇ ಅನ್ನಿಸುತ್ತಲ್ಲ, ಅದೇ ನಿಜವಾದ ಜನಪದ." ಮೇಡಂ ಕಡೆ ತಿರುಗಿದರು. "ಈಗೇನಂತೀರಿ?"

ಅಕ್ಕನ ಮಗಳು ತಂಗಿಯ ಮೊಣಕೈ ಹಿಡಿದು, "ಬನ್ನಿ ಚಿಕ್ಕಮ್ಮ, ರಾತ್ರಿಯೆಲ್ಲ ನಿದ್ದೆ ಇಲ್ಲ ನಿಮಗೆ," ಎಂದು ಕೂರಿಸಿದಳು.

ತಂಗಿ ಅಕ್ಕನ ಮುಖ ನೋಡಿದಳು. ಎಲ್ಲಾದರೂ ನಗುತ್ತಿದ್ದಾಳೇನೋ ಎಂಬ ಗುಮಾನಿ.

ಗಾಡಿ ಬಂತು. ಬಟ್ಟೆ ಒಗೆಯುವ ಕೋಣೆಯ ಹೆಂಗಸರು ಕೆಲಸದ ಅಂಗಿಯಲ್ಲೇ ಬಂದಿದ್ದರು. ಅಕ್ಕನನ್ನು ಹೊರಗೆ ಎತ್ತಿಕೊಂಡಾಗ ಅವರಲ್ಲೊಬ್ಬಳು ಹಾಡು ಎತ್ತಿದಳು, ಉಳಿದವರು ಸೇರಿಕೊಂಡರು. ಮೊದಲ ಎರಡು ಸಾಲಿನ ಸೊಲ್ಲು ತನ್ನದು. ಎರಡನೆಯದೂ ತನ್ನದೇ. ತಂಗಿ ಒಳಗೊಳಗೇ ಎಣಿಸುತ್ತ ನಡೆದಳು. ಅಷ್ಟರಲ್ಲಿ ಮೂರನೆಯದು ಬಂತು. ತಾನು ಕಟ್ಟದೆ ಇದ್ದದ್ದು, ಅಕ್ಕನೂ ಎಂದೂ ಹಾಡದೆ ಇದ್ದದ್ದು.

ಒಂದು ತುದಿ ನಿಂದು, ಒಂದು ತುದಿ ನಂದು
ನಡುವಿನ ನೀರು ಯಾರದೇ?

"ಇದ್ಯಾರು ಕಟ್ಟಿದ್ದು?" ಎಂದು ಪಕ್ಕದವಳ ತೋಳು ಹಿಡಿದಳು.

"ಯಾರಿಗ್ಗೊತ್ತು ಅಜ್ಜೀ. ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ್ಲೂ ಇದೆ."

ಚೆನ್ನಾಗಿತ್ತು. ತಾನು ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಅಕ್ಕನ ಮೇಲೂ ಅವಳಿಗೆ ಎಂದೂ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಹೆಂಗಸರು ಅದೇ ಸೊಲ್ಲನ್ನು ಮತ್ತೆ ಎತ್ತಿದರು. ಗಾಡಿಯ ಹಿಂದೆ ತಂಗಿ ಅವರ ಬಾಯಿಗಳನ್ನೇ ನೋಡುತ್ತ ನಡೆದಳು. ಅವಳ ತುಟಿಗಳು ಅಲುಗುತ್ತಿದ್ದವು, ಅವರಿಗಿಂತ ಅರ್ಧ ಮಾತು ಹಿಂದೆ.